‘ಬೀಚ್‌ಫ್ರಂಟ್ ಸ್ಪಾ ಪ್ಯಾಕೇಜ್’ಗೆ ದುಡ್ಡು ಹಾಕೋ ಮುಂಚೆ ಇದನ್ನೊಂದು ಓದಿ

ವೋಚರಿನಲ್ಲಿ ‘ಆ್ಯಸ್ ಪರ್ ಪ್ರಾಪರ್ಟಿ’, ಅಂದ್ರೆ ‘ರೆಸಾರ್ಟಿನವರು ಕೊಟ್ಟಷ್ಟು’, ಅನ್ನೋ ಮೂರು ಪದ ಕಂಡರೆ ದುಡ್ಡು ಹಾಕಬೇಡಿ. ಪೂರ್ತಿ ಓದೋಕೆ ಪುರುಸೊತ್ತಿಲ್ಲದವರಿಗೆ ಅಷ್ಟೇ ಸಾಕು. ಉಳಿದವರು ಮುಂದೆ ಓದಿ. ಆ ಮೂರು ಪದಕ್ಕೆ ನಾವು ತೆತ್ತಿದ್ದು ಮೂವತ್ತನಾಲ್ಕು ಸಾವಿರ, ಮೇಲೊಂದಿಷ್ಟು.

ಜಾಗ ಕುಮಟಾ–ಅಂಕೋಲಾ ನಡುವಿನ ಕಡಲತೀರ. ಹೆಸರು ಹಾಕಲ್ಲ. ಹಾಕಿದರೆ ನಾಳೆ ನೋಟಿಸು ಬರುತ್ತೆ, ಅದಕ್ಕೂ ಅವರ ಹತ್ತಿರ ಬೇರೆ ಆಫೀಸ್ ಇರುತ್ತೆ. ‘ಬೇರೆ ಆಫೀಸ್’ ಕಥೆ ಆಮೇಲೆ ಹೇಳ್ತೀನಿ.

ಕಳೆದ ದಸರಾ ರಜೆ, ಎರಡು ರಾತ್ರಿ, ಇಬ್ಬರು. ರಾತ್ರಿಗೆ 14,500. ಅದರಲ್ಲೇ ‘ಬೀಚ್‌ಫ್ರಂಟ್ ಕಾಟೇಜ್’, ಬೆಳಗಿನ ತಿಂಡಿ, ರಾತ್ರಿ ಊಟ, ದಿನಾ ಒಬ್ಬೊಬ್ಬರಿಗೂ ಒಂದು ಗಂಟೆಯ ಆಯುರ್ವೇದ ಸ್ಪಾ. 29,000ಕ್ಕೆ ಶೇ 18 ಜಿಎಸ್‌ಟಿ 5,220 ಸೇರಿ 34,220. ಅರ್ಧ ಮುಂಗಡ, ಉಳಿದರ್ಧ ಚೆಕ್‌ಇನ್ ಹೊತ್ತಿಗೆ. ಇದರಲ್ಲಿ ಅನುಮಾನ ಪಡೋಂಥದ್ದು ಏನೂ ಕಾಣಲಿಲ್ಲ, ಎಲ್ಲರೂ ಬುಕ್ ಮಾಡೋದು ಹೀಗೇ. ಹೋಟೆಲ್ ಬಿಲ್ಲು ಕೈಗೆ ಬಂದರೆ ತಪ್ಪು ಹುಡುಕೋದೇ ಅಭ್ಯಾಸ ಆಗಿರೋ ನಾನೇ ಬಿದ್ದೆ ಅನ್ನೋದು ಇನ್ನೂ ಉರಿಯುತ್ತೆ.

ಮೊದಲನೇ ತಪ್ಪು ನಮ್ಮದೇ. ‘ಒಂದು ಗಂಟೆ’, ‘ಬೀಚ್‌ಫ್ರಂಟ್’, ಎಲ್ಲವನ್ನೂ ಬೆಂಗಳೂರಿನ ಬುಕಿಂಗ್ ಆಫೀಸಿನವರು ಹೇಳಿದ್ದು ಫೋನಿನಲ್ಲಿ. ಬ್ರೋಷರ್ ಕೇಳಿದಾಗ ವಾಟ್ಸ್ಯಾಪಿಗೆ ಬಂದದ್ದು ಫೈಲ್ ಅಲ್ಲ, ಲಿಂಕ್. ತೆಗೆದು ನೋಡಿದಾಗ ‘60 ನಿಮಿಷ’ ಅಂತ ದಪ್ಪಕ್ಷರದಲ್ಲಿ ಇತ್ತು. ಇಬ್ಬರೂ ನೋಡಿದ್ದೇವೆ. ಡೌನ್‌ಲೋಡ್ ಮಾಡಲಿಲ್ಲ. ಮುಂಗಡ ಹಾಕಿದ ಮೇಲೆ ಬಂದ ವೋಚರಿನಲ್ಲಿ ಕಾಟೇಜಿನ ಹೆಸರು, ತಾರೀಖು, ಮೊತ್ತ, ಅದರ ಕೆಳಗೆ ‘ವೆಲ್‌ನೆಸ್ ಪ್ಯಾಕೇಜ್: ಆ್ಯಸ್ ಪರ್ ಪ್ರಾಪರ್ಟಿ’. ಓದಿದೆವು, ಮುಂದಕ್ಕೆ ಹೋದೆವು.

ಈಗ ಬೀಚ್‌ಫ್ರಂಟ್ ವಿಷಯ. ಕಾಟೇಜಿನ ಜಗುಲಿಯಿಂದ ಕಡಲು ಕೇಳಿಸುತ್ತೆ, ಕಾಣಿಸಲ್ಲ. ಮುಂದೆ ಗಾಳಿಮರದ ತೋಪು, ಅದರಾಚೆ ಒಂದು ಸಣ್ಣ ಹಳ್ಳ, ಹಳ್ಳಕ್ಕೆ ಅಡಿಕೆ ಮರದ ಸಂಕ, ಆಮೇಲೆ ಮರಳು. ಎಣಿಸಿದರೆ 340 ಹೆಜ್ಜೆ. ಇಲ್ಲೊಂದು ವಿಷಯ ತಿಳಿದಿರಲಿ. 2019ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಪ್ರಕಾರ ಜನಸಾಂದ್ರತೆ ಹೆಚ್ಚಿರೋ ಹಳ್ಳಿಗಾಡಿನ ಕಡಲತೀರದಲ್ಲಿ ಭರತದ ಗೆರೆಯಿಂದ (ಉಬ್ಬರದ ನೀರು ಬಂದು ಮುಟ್ಟೋ ಗೆರೆ) 50 ಮೀಟರ್, ಜನಸಾಂದ್ರತೆ ಕಮ್ಮಿ ಇರೋ ಕಡೆ 200 ಮೀಟರ್ ತನಕ ಹೊಸ ರೆಸಾರ್ಟ್ ಕಟ್ಟಡ ಕಟ್ಟೋ ಹಾಗಿಲ್ಲ. ಅಂದ್ರೆ ನಿಯಮ ಪಾಲಿಸಿ ಹೊಸದಾಗಿ ಕಟ್ಟಿದವರ ಕೋಣೆ ಕಡಲಿಂದ ದೂರ ಇರಲೇಬೇಕು. ಅದು ತಪ್ಪಲ್ಲ. ದೂರ ಇದೆ ಅಂತ ಹೇಳಿ ಮಾರಬೇಕು, ಅಷ್ಟೇ. ಕಾಲು ಚಾಚಿದರೆ ಅಲೆ ತಾಗುತ್ತೆ ಅನ್ನೋ ಥರದ ಫೋಟೊ ಹಾಕಿ ಮಾರಬಾರದು.

‘ಪ್ರೈವೇಟ್ ಬೀಚ್’ ಅಂತಲೂ ಹೇಳಿದ್ದರು. ಮರಳಿನ ಮೇಲೆ ಸಾಲಾಗಿ ದೋಣಿ, ಹರವಿದ ಬಲೆ. ಬಲೆ ಹೆಣೀತಿದ್ದ ಹಿರಿಯರೊಬ್ಬರ ಹತ್ತಿರ ಮಾತಿಗೆ ಮಾತು ಬಂದು ಇದನ್ನ ಹೇಳಿದ್ದಕ್ಕೆ ಅವರು ತಲೆ ಎತ್ತದೇ, “ಹೌದಾ? ನಮ್ಗೆ ಯಾರೂ ಹೇಳ್ಲೇ ಇಲ್ವಲ್ಲ ತಮಾ” ಅಂದರು. ನಾಚಿಕೆ ಆಯಿತು. ಅಲೆ ಬಂದು ಹೋಗೋ ಮರಳು ಯಾವ ರೆಸಾರ್ಟಿನ ಸ್ವತ್ತೂ ಅಲ್ಲ, ನಮ್ಮ ದೇಶದಲ್ಲಿ ಅದು ಸಾರ್ವಜನಿಕರದ್ದು. ‘ಪ್ರೈವೇಟ್ ಬೀಚ್’ ಅಂದವರು ಮಿಕ್ಕಿದ್ದೆಲ್ಲ ನಿಜ ಹೇಳ್ತಾರೆ ಅಂದುಕೊಂಡಿದ್ದೇ ದಡ್ಡತನ.

ದಸರಾ ಹೊತ್ತಿಗೆ ಆ ಕಡೆ ಮಳೆ ಪೂರ್ತಿ ಹಿಂದೆ ಸರಿದಿರಲ್ಲ. ನೀರಿಗಿಳಿಯೋ ಜಾಗದಲ್ಲಿ ಕೆಂಪು ಬಾವುಟ, ಕಾಲು ನೆನೆಸೋಕೂ ಬಿಡಲಿಲ್ಲ. ಬಿಡಬಾರದೇ, ಅದು ಸರಿ. ಆದರೆ ಬುಕ್ ಮಾಡುವಾಗ ಕೇಳಿದ್ದಕ್ಕೆ “ಸೀಸನ್ ಓಪನ್ ಆಗಿದೆ ಸರ್” ಅಂದಿದ್ದರು. ಓಪನ್ ಆಗಿದ್ದು ರೆಸಾರ್ಟಿನ ಗೇಟು. ಮಳೆಗಾಲ ಪೂರ್ತಿ ಬೀಗ ಹಾಕಿಟ್ಟು ರಜೆಗೆ ತೆರೆಯೋ ಜಾಗದಲ್ಲಿ ಮೊದಲ ವಾರ ಹೋಗೋರು ನಾಲ್ಕು ತಿಂಗಳ ತೇವ ಒಣಗಿಸೋಕೆ ಹೋದಂಗೆ. ಹಾಸಿಗೆ ಮುಗ್ಗಲು ವಾಸನೆ. ಬೀರುವಿನ ಹಿಂಬದಿಯಲ್ಲಿ ಬೂಸಲು. ಎಸಿ 18ಕ್ಕೆ ಇಟ್ಟರೂ ತಂಪಿಲ್ಲ. ಹಿತ್ತಲಿಗೆ ಹೋಗಿ ನೋಡಿದರೆ ಹೊರಗಿನ ಯೂನಿಟ್ಟಿನ ತೆಳು ತಗಡಿನ ಪಟ್ಟಿಗಳನ್ನ ಉಪ್ಪುಗಾಳಿ ತಿಂದು ಹಾಕಿತ್ತು, ಬೆರಳಿಟ್ಟರೆ ಬಿಳಿ ಪುಡಿ ಉದುರ್ತಿತ್ತು. ಕಡಲ ಪಕ್ಕದಲ್ಲಿ ಆ ಪಟ್ಟಿಗಳಿಗೆ ಲೇಪನ ಇರಬೇಕು, ಆಗಾಗ ಸಿಹಿನೀರಲ್ಲಿ ತೊಳೀಬೇಕು. ಎರಡೂ ಆಗದಿದ್ದರೆ ಬಿಸಿ ಹೊರಗೆ ಹೋಗಲ್ಲ, ಕರೆಂಟು ಮಾತ್ರ ಹೋಗುತ್ತೆ.

ಇದೆಲ್ಲ ಬಿಡಿ. ನಾವು ಹೋಗಿದ್ದೇ ಸ್ಪಾಗೆ.

ಮೊದಲ ದಿನ ಬರೆದುಕೊಟ್ಟ ಸಮಯ ಸಂಜೆ 5. ಹೋದರೆ ತಲೆಗೆ ಹತ್ತು ನಿಮಿಷ, ಪಾದಕ್ಕೆ ಹತ್ತು ನಿಮಿಷ, ಮುಗೀತು. ಬಟ್ಟೆಯ ಮೇಲೇ. ಒಂದು ಗಂಟೆ ಅಲ್ವಾ ಅಂದರೆ, “ಪ್ಯಾಕೇಜಲ್ಲಿ ಇಷ್ಟೇ ಮೇಡಂ, ಫುಲ್ ಬಾಡಿ ಬೇಕಂದ್ರೆ ಅಪ್‌ಗ್ರೇಡ್.” ಒಬ್ಬರಿಗೆ 2,800. ಅಲ್ಲೇ ಎದ್ದು ಬರಬೇಕಿತ್ತು. ಇಷ್ಟು ದೂರ ಬಂದಾಗಿದೆ, ಇನ್ನೇನು ಅಂತ 5,600 ಕೊಟ್ಟೆವು. ಕೊಟ್ಟೆವು! ಅವರ ವ್ಯಾಪಾರ ನಿಂತಿರೋದೇ ಈ ‘ಇಷ್ಟು ದೂರ ಬಂದಾಗಿದೆ’ ಮೇಲೆ.

ಅಪ್‌ಗ್ರೇಡ್ ಅಂದರೆ ಅಭ್ಯಂಗ ಮತ್ತು ಶಿರೋಧಾರ. ಶಿರೋಧಾರ ಗೊತ್ತಿರೋರಿಗೆ ಗೊತ್ತು: ತೂಗುಬಿಟ್ಟ ಪಾತ್ರೆ, ತಳದಲ್ಲಿ ತೂತು, ತೂತಿಂದ ಇಳಿಬಿದ್ದ ಬತ್ತಿ, ಹಣೆಯಿಂದ ನಾಲ್ಕು ಬೆರಳು ಮೇಲೆ. ಉಗುರುಬೆಚ್ಚಗಿನ ಎಣ್ಣೆ ಒಂದೇ ಸಮ ಹರೀಬೇಕು. ಅದಕ್ಕೆ ಒಂದೂವರೆ–ಎರಡು ಲೀಟರ್ ಎಣ್ಣೆ ಬೇಕು, ಕೆಳಗೆ ಬಿದ್ದದ್ದನ್ನ ಬೆಚ್ಚಗೆ ಮಾಡಿ ಮತ್ತೆ ಪಾತ್ರೆಗೆ ಹಾಕ್ತಾ ಇರಬೇಕು. ನಮ್ಮ ಎಣ್ಣೆ ನಮಗೇ ಮತ್ತೆ ಬಂದರೆ ತಕರಾರಿಲ್ಲ. ಆದರೆ ನಮ್ಮ ಎದುರು ತಂದದ್ದು ಚೀಟಿ ಇಲ್ಲದ ಪ್ಲಾಸ್ಟಿಕ್ ಬಾಟಲಿ, ಒಳಗೆ ಮುಕ್ಕಾಲು ಲೀಟರೂ ಇಲ್ಲ, ಬಣ್ಣ ಕಡುಕಂದು, ಕಮಟು ವಾಸನೆ. ತಳದಲ್ಲಿ ಒಂದು ಉದ್ದ ಕೂದಲು. ನಮ್ಮದಲ್ಲ, ಆಗಿನ್ನೂ ಶುರುವೇ ಆಗಿರಲಿಲ್ಲ. “ಇದು ಬೇರೆಯವರಿಗೆ ಹಾಕಿದ ಎಣ್ಣೆಯಾ?” ಅಂದದ್ದಕ್ಕೆ ಆ ಹುಡುಗಿ ಬಾಗಿಲ ಕಡೆ ನೋಡಿ ಮೆಲ್ಲಗೆ, “ಕುದಿಸಿ ಸೋಸ್ತೀವಿ ಮೇಡಂ” ಅಂದಳು. ಅವಳ ಮೇಲೆ ಕೋಪ ಇಲ್ಲ, ಅವಳ ಕೈಗೆ ಆ ಬಾಟಲಿ ಕೊಟ್ಟೋರ ಮೇಲೆ ಇದೆ. ಶಿರೋಧಾರ ಬೇಡ ಅಂದೆವು. ದುಡ್ಡು? “ಒಂದ್ಸಲ ಬಿಲ್ ಆದ್ರೆ ಸಿಸ್ಟಮ್ ತಗೊಳಲ್ಲ.”

ಅಭ್ಯಂಗ ಆದ ಮೇಲೆ ಇನ್ನೊಂದು. ಮೈಪೂರ್ತಿ ಎಣ್ಣೆ, ನಲ್ಲಿಯಲ್ಲಿ ಸವಳು ನೀರು. ಕಡಲ ಪಕ್ಕದ ಬೋರಿಗೆ ಉಪ್ಪು ನುಗ್ಗೋದು ಮಾಮೂಲು, ಅದಕ್ಕೇ ಶಿಸ್ತಿನ ಜಾಗದವರು ಸ್ನಾನಕ್ಕೆ ಬೇರೆ ನೀರಿನ ವ್ಯವಸ್ಥೆ ಮಾಡಿರ್ತಾರೆ. ಇಲ್ಲಿ ಸೋಪು ಉಜ್ಜಿದರೆ ನೊರೆ ಬರೋ ಬದಲು ಎಣ್ಣೆ ಜೊತೆ ಸೇರಿ ಬಿಳಿ ಅಂಟು. ಹೆಸರುಹಿಟ್ಟೋ ಸೀಗೆಪುಡಿಯೋ ಕೊಡಿ ಅಂದರೆ ಎರಡು ಶಾಂಪೂ ಸ್ಯಾಚೆ ಕಳಿಸಿದರು. ಕೊನೆಗೆ ಅಡುಗೆಮನೆಯಿಂದ ಕಡಲೆಹಿಟ್ಟು ಕೇಳಿ ತಂದು ಉಜ್ಜಿಕೊಂಡಿದ್ದು. ರಾತ್ರಿಗೆ 14,500ರ ಐಷಾರಾಮ, ಬಜ್ಜಿ ಹಿಟ್ಟಿನ ಸ್ನಾನ.

ಎರಡನೇ ದಿನದ ಸೆಷನ್ ಸಿಗಲೇ ಇಲ್ಲ, “ಸ್ಲಾಟ್ ಫುಲ್.” ಆಗ ಕೂತು ಲೆಕ್ಕ ಹಾಕಿದೆ. ಇದನ್ನ ಮುಂಚೆಯೇ ಹಾಕಬೇಕಿತ್ತು. ಕಾಟೇಜು 18, ತುಂಬಿದರೆ 36 ಜನ. ಥೆರಪಿಸ್ಟ್ ಇಬ್ಬರು, ಒಬ್ಬ ಹುಡುಗ, ಒಬ್ಬಳು ಹುಡುಗಿ. ಬೆಳಿಗ್ಗೆ 9ರಿಂದ ಸಂಜೆ 6, ಮಧ್ಯೆ ಊಟ. ಒಂದು ಗಂಟೆ ಕೆಲಸ, ಹಾಸು ಬದಲಿಸಿ ಒರೆಸೋಕೆ ಕಾಲು ಗಂಟೆ. ದಿನಕ್ಕೆ ಒಬ್ಬರು ಆರು ಜನಕ್ಕೆ ಮಾಡಿದರೆ ಹೆಚ್ಚು, ಇಬ್ಬರಿಂದ ಹನ್ನೆರಡು. ಹೆಂಗಸರಿಗೆ ಹೆಂಗಸೇ ಮಾಡೋದರಿಂದ ಹೆಂಗಸರ ಪಾಲಿಗೆ ಆರೇ. 36 ಜನಕ್ಕೂ ದಿನಾ ಒಂದು ಗಂಟೆ ಅಂತ ಮಾರಿದವರಿಗೆ ಕೊಡೋಕಾಗಲ್ಲ ಅನ್ನೋದು ಮಾರುವಾಗಲೇ ಗೊತ್ತಿತ್ತು. ಇಪ್ಪತ್ತು ನಿಮಿಷದ ‘ತಲೆ–ಪಾದ’ ಹುಟ್ಟಿದ್ದು ಅಲ್ಲಿ.

ರಿಸೆಪ್ಷನ್ನಿಗೆ ಹೋದೆವು. ಬ್ರೋಷರಿನಲ್ಲಿ 60 ನಿಮಿಷ ಇದೆ, ನೋಡಿ ಅಂತ ಅದೇ ಲಿಂಕ್ ಒತ್ತಿ ಫೋನು ಅವರ ಕಡೆ ತಿರುಗಿಸಿದೆ.

ಅವರು ಓದಿ ಫೋನನ್ನ ನನ್ನ ಕಡೆಗೇ ತಿರುಗಿಸಿದರು. “ಎಲ್ಲಿದೆ ಸರ್?”

ಇರಲಿಲ್ಲ. ಅದೇ ಲಿಂಕು, ಅದೇ ಮೊದಲ ಪುಟ, ಅದೇ ಸೂರ್ಯಾಸ್ತದ ಫೋಟೊ. ನಾಲ್ಕನೇ ಪುಟದಲ್ಲಿ ‘60 ನಿಮಿಷದ ಅಭ್ಯಂಗ’ ಇದ್ದ ಜಾಗದಲ್ಲಿ ‘ದೈನಂದಿನ ಸ್ಪಾ ಅನುಭವ’. ಹಿಂದೆ ಬೇರೆಯವರು ಕ್ಯೂನಲ್ಲಿ ನಿಂತಿದ್ದರು. ಸುಳ್ಳು ಹೇಳಿ ಸಿಕ್ಕಿಬಿದ್ದೋರ ಥರ ನಿಂತೆವು, ನಾವು! ಲಿಂಕಿನ ಹಿಂದಿನ ಫೈಲ್ ಬದಲಿಸೋಕೆ ಅರ್ಧ ನಿಮಿಷ ಸಾಕು, ಲಿಂಕು ಹಾಗೇ ಇರುತ್ತೆ. ಇದು ಗೊತ್ತಿಲ್ಲದ ವಿಷಯವೇನಲ್ಲ. ಗೊತ್ತಿದ್ದೂ ಡೌನ್‌ಲೋಡ್ ಮಾಡಲಿಲ್ಲ.

ಆಮೇಲಿನ ಉತ್ತರಗಳು ಒಂದಕ್ಕಿಂತ ಒಂದು. ರಿಸೆಪ್ಷನ್: “ಬುಕಿಂಗ್ ಆಫೀಸ್ ಬೇರೆ, ಪ್ರಾಪರ್ಟಿ ಬೇರೆ ಸರ್. ಅವರೇನ್ ಹೇಳಿದ್ರೋ ನಮಗೆ ಗೊತ್ತಿಲ್ಲ.” ಬುಕಿಂಗ್ ಆಫೀಸ್: “ವೋಚರ್ ನೋಡಿ ಸರ್, ಆ್ಯಸ್ ಪರ್ ಪ್ರಾಪರ್ಟಿ ಅಂತ ಕ್ಲಿಯರಾಗಿ ಇದೆ. ಪ್ರಾಪರ್ಟಿಯವರನ್ನೇ ಕೇಳಿ.” ಮತ್ತೆ ರಿಸೆಪ್ಷನ್: “ನಮ್ಮ ಪ್ರಾಪರ್ಟಿ ಪ್ರಕಾರ ಇಪ್ಪತ್ತೇ ನಿಮಿಷ.” ಮ್ಯಾನೇಜರ್ ಬಂದು ನಕ್ಕು, “ಅಷ್ಟು ದೂರದಿಂದ ಬಂದು ಟೆನ್ಷನ್ ಯಾಕೆ ಸರ್, ರಿಲ್ಯಾಕ್ಸ್ ಮಾಡಿ, ಟೆಂಡರ್ ಕೋಕೋನಟ್ ಕಳಿಸ್ತೀನಿ.” ಕಳಿಸಿದರು. ಬಿಲ್ಲಿನಲ್ಲಿ ಅದಕ್ಕೂ 180.

ಬಿಲ್ಲಿಗೆ ಬಂದೆವಲ್ಲ. ರಾತ್ರಿಗೆ 14,500 ಅಂತ ಒಂದೇ ಸಾಲು ಇರಬೇಕಾದಲ್ಲಿ ಎರಡು: ಕೋಣೆ 7,400, ‘ವೆಲ್‌ನೆಸ್’ 7,100. ಯಾಕೆ ಅಂತ ತಕ್ಷಣ ಗೊತ್ತಾಯಿತು. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ತನಕದ ಕೋಣೆಗೆ ಜಿಎಸ್‌ಟಿ ಶೇ 5, ಅದು ದಾಟಿದರೆ ಶೇ 18. ಅದಕ್ಕೇ 7,400. ಆ ಬಿಲ್ಲಿನಲ್ಲಿ ಎರಡೂ ಸಾಲಿಗೆ ಶೇ 5 ಹಾಕಿದ್ದರು: 29,000ಕ್ಕೆ 1,450. ನಮ್ಮಿಂದ ತೆರಿಗೆ ಅಂತ ವಸೂಲು ಮಾಡಿದ್ದು 5,220. ಉಳಿದ 3,770 ಎಲ್ಲಿ? “ಅದು ಬುಕಿಂಗ್ ಆಫೀಸಿನ ಕನ್ವೀನಿಯೆನ್ಸ್ ಫೀ ಸರ್.” ವೋಚರಿನಲ್ಲಿ ಜಿಎಸ್‌ಟಿ ಅಂತಲೇ ಅಚ್ಚಾಗಿದೆ, ಪಿಡಿಎಫ್ ನನ್ನ ಹತ್ತಿರ ಇದೆ, ಇದು ಲಿಂಕ್ ಅಲ್ಲ ಅಂದೆ. ಮೊದಲ ಸಲ ಆಚೆ ಕಡೆಯಿಂದ ಮಾತು ಬರಲಿಲ್ಲ.

ಊಟದ ಹೆಚ್ಚುವರಿ ಬಿಲ್ಲಿಗೆ ಶೇ 10 ಸರ್ವಿಸ್ ಚಾರ್ಜ್ ಬೇರೆ. ಅದನ್ನ ತಾವಾಗಿ ಸೇರಿಸೋ ಹಾಗಿಲ್ಲ ಅಂತ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿದೆ, ದೆಹಲಿ ಹೈಕೋರ್ಟ್ 2025ರ ಮಾರ್ಚಿನಲ್ಲಿ ಎತ್ತಿಹಿಡಿದಿದೆ. ಅಷ್ಟಂದ ಕೂಡಲೇ ತೆಗೆದರು. ಕೇಳದಿದ್ದರೆ ಹೋಗ್ತಿತ್ತು.

ನೀವು ಹೋಗೋದಾದರೆ ದುಡ್ಡು ಹಾಕೋ ಮುಂಚೆ ವಾಟ್ಸ್ಯಾಪಿನಲ್ಲಿ, ಅಕ್ಷರದಲ್ಲಿ ಕೇಳಿ: ಕೋಣೆಯ ಬಾಗಿಲಿಂದ ಮರಳಿಗೆ ಎಷ್ಟು ಮೀಟರ್? ಕೋಣೆಯೊಳಗಿಂದ ಕಡಲು ಕಾಣುತ್ತಾ, ಈ ವಾರ ತೆಗೆದ ಫೋಟೊ ಕಳಿಸಿ. ಸ್ಪಾ ಎಷ್ಟು ನಿಮಿಷ, ಯಾವ ಚಿಕಿತ್ಸೆ, ಥೆರಪಿಸ್ಟ್ ಎಷ್ಟು ಜನ, ಅದರಲ್ಲಿ ಹೆಂಗಸರೆಷ್ಟು? ಸ್ನಾನಕ್ಕೆ ಸಿಹಿನೀರಾ? “ಬಂದ್ಮೇಲೆ ನೋಡಿ ಸರ್” ಅಂದರೆ ಅಲ್ಲಿಗೇ ಬಿಡಿ. ಉಳಿದರ್ಧ ದುಡ್ಡನ್ನ ಕೋಣೆ ನೋಡಿ, ನಲ್ಲಿ ತಿರುಗಿಸಿ, ಎಸಿ ಹತ್ತು ನಿಮಿಷ ಓಡಿಸಿ ಆಮೇಲೆ ಕೊಡಿ. ಎಣ್ಣೆ ಸೀಲ್ ಒಡೆಯೋದು ನಿಮ್ಮ ಕಣ್ಣೆದುರು ಆಗಬೇಕು. ಯುಪಿಐನಲ್ಲಿ ರೆಸಾರ್ಟಿನ ಹೆಸರು ಬಿಟ್ಟು ಯಾರೋ ವ್ಯಕ್ತಿಯ ಹೆಸರು ಬಂದರೆ ನಿಲ್ಲಿಸಿ. ಕರ್ನಾಟಕದ ರೆಸಾರ್ಟಿನ ಜಿಎಸ್‌ಟಿ ನಂಬರ್ 29ರಿಂದ ಶುರುವಾಗಬೇಕು, ಜಿಎಸ್‌ಟಿ ಪೋರ್ಟಲಿನಲ್ಲಿ ಹಾಕಿದರೆ ಯಾರದ್ದು ಅಂತ ತೋರಿಸುತ್ತೆ.

ವಾಪಸ್ ಬಂದು 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಕೊಟ್ಟೆವು. ವೋಚರ್, ಬಿಲ್ಲು, ಚಾಟ್ ಸ್ಕ್ರೀನ್‌ಶಾಟ್ ಎಲ್ಲ ಸೇರಿಸಿ. ಅದಾದ ಮೇಲೆ ಬುಕಿಂಗ್ ಆಫೀಸಿಗೆ ದಿಢೀರನೆ ನಮ್ಮ ನೆನಪಾಯಿತು. ಮೊದಲು ಮುಂದಿನ ಸಲಕ್ಕೆ ಶೇ 20 ರಿಯಾಯಿತಿ. ಬೇಡ ಅಂದೆವು. ಆಮೇಲೆ “ರಿವ್ಯೂ ಡಿಲೀಟ್ ಮಾಡಿ ಸರ್, ರೀಫಂಡ್ ಪ್ರೊಸೆಸ್ ಮಾಡ್ತೀವಿ.” ನಾವು ಹಾಕಿದ್ದ ರಿವ್ಯೂ ಡಿಲೀಟ್ ಮಾಡಲಿಲ್ಲ. ಸ್ಪಾದ 5,600ಕ್ಕೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗ್ತಿದ್ದೇವೆ. ನಾವಿರೋ ಜಿಲ್ಲೆಯಲ್ಲೇ ಹಾಕಬಹುದು, ಕೊಟ್ಟ ಮೊತ್ತ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ಹಾಕಬೇಕು, ಅಷ್ಟೇ.

ತೆರಿಗೆ ಅಂತ ಕಿತ್ತುಕೊಂಡಿದ್ದ 3,770 ಮಾತ್ರ ಹನ್ನೊಂದನೇ ದಿನ ಖಾತೆಗೆ ಬಂತು. ಜೊತೆಗೊಂದು ಮೇಲ್: ‘ಇದನ್ನು ನಮ್ಮ ಸದ್ಭಾವನೆಯ ಕಾಣಿಕೆಯೆಂದು ಸ್ವೀಕರಿಸಿ.’