ತುಲಾ ತಿಂಗಳಲ್ಲಿ (ಅಕ್ಟೋಬರ್-ನವೆಂಬರ್) ಕಾಸರಗೋಡಿನ ರಾಣಿಪುರಂ ಗುಡ್ಡಕ್ಕೆ ಟೆಂಟ್ ಟ್ರಿಪ್ ಹೋಗುವವರು ಒಮ್ಮೆ ಓದಿ ಮಾರಾಯ್ರೇ

ವಾಟ್ಸಾಪಲ್ಲಿ "ಎರಡು ದಿನ, ಕಾಡಲ್ಲಿ ಟೆಂಟ್, ಊಟ ಸೇರಿ 2,200 ರೂಪಾಯಿ" ಅಂತ ಪೋಸ್ಟರ್ ಬಂದ್ರೆ ದುಡ್ಡು ಹಾಕುವ ಮೊದಲು ಒಂದೇ ಒಂದು ಕೇಳಿ, ಫಾರೆಸ್ಟಿನವರ ಟಿಕೆಟ್ ಉಂಟಾ ಅಂತ. ನಾವು ಕೇಳ್ಲಿಲ್ಲ.

ಬದಿಯಡ್ಕದಿಂದ ನಾವು ಮೂರು ಜನ ಬೆಳಗ್ಗೆ ಏಳೂವರೆಗೇ ಕಾಞಂಗಾಡಲ್ಲಿ ಕಾದದ್ದು, ಲೀಡರ್ ಬಂದದ್ದು ಹತ್ತು ಗಂಟೆಗೆ. ಮತ್ತೆ ಪಾಣತ್ತೂರು ರೋಡಿನ ತಿರುವು, ನಡುವಲ್ಲಿ ಅವನ ಚಾಯ, ಗುಡ್ಡದ ಬುಡ ಮುಟ್ಟುವಾಗ ಮಧ್ಯಾಹ್ನ ಒಂದು. ಟಿಕೆಟ್ ಕೌಂಟರಿನ ದಾರಿ ಬಿಟ್ಟು ರಬ್ಬರ್ ತೋಟದ ಒಳಗಿಂದ ಕರ್ಕೊಂಡು ಹೋದ, "ಇದು ಶಾರ್ಟ್‌ಕಟ್" ಅಂತ. ಒಬ್ಬೊಬ್ಬರ ಬೆನ್ನಲ್ಲಿ ಟೆಂಟ್, ಅಕ್ಕಿ, ಪಾತ್ರೆ, ಐದೈದು ಲೀಟರ್ ನೀರು, ನೀರೇ ಐದು ಕೆಜಿ ಆಯ್ತಲ್ಲ. ಚೀಲದ ಪಟ್ಟಿ ಭುಜ ಕೊರೆದು ಈಗಲೂ ಎರಡು ಕಪ್ಪು ಗೆರೆ ಉಂಟು. ಕಾಡಿನೊಳಗೆ ತರಗೆಲೆ ತುಂಬ ಇಂಬಳ, ರಕ್ತ ಹೀರುವ ಜಿಗಣೆ. ಅದಕ್ಕೆ ಹಚ್ಲಿಕ್ಕೆ ಅಜ್ಜಿ ಕೊಟ್ಟ ಹೊಗೆಸೊಪ್ಪು ಸುಣ್ಣದ ಪೊಟ್ಟಣವನ್ನು ನಾನೇ ನಗಾಡಿ ಮನೆಯಲ್ಲಿ ಬಿಟ್ಟು ಬಂದದ್ದು, ಅದಕ್ಕೆ ಯಾರನ್ನೂ ದೂರುದಿಲ್ಲ.

ಮೂರೂವರೆಗೆ ಮೇಲಿನ ಹುಲ್ಲುಗುಡ್ಡ. ಚಂದ ಉಂಟು, ಸುಳ್ಳು ಹೇಳಬಾರ್ದು, ಒಂದು ಬದಿ ನಮ್ಮ ಕಾಸರಗೋಡು ಇನ್ನೊಂದು ಬದಿ ಕೊಡಗಿನ ಕಾಡು. ಅವ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಫೋಟೋ ತೆಗ್ದ. ಅಷ್ಟೊತ್ತಿಗೆ ಮೂಡಲಲ್ಲಿ ಮೋಡ ಕಟ್ಟಿತ್ತು. ನಮ್ಮ ಕಡೆ ತುಲಾ ತಿಂಗಳಲ್ಲಿ ಬೆಳಗ್ಗೆ ಬಿಸಿಲು, ಹೊತ್ತು ಇಳಿದ ಮೇಲೆ ಗುಡುಗು ಸಿಡಿಲು, ಇದು ಅಡಿಕೆ ಒಣಗಿಸುವ ಮಕ್ಕಳಿಗೂ ಗೊತ್ತು. ಇವ ಅಲ್ಲೇ, ಬೋಳು ಗುಡ್ಡದ ನೆತ್ತಿಯಲ್ಲಿ, ಟೆಂಟಿನ ಅಲ್ಯೂಮಿನಿಯಂ ಕೋಲು ನೆಡ್ಲಿಕ್ಕೆ ಶುರು ಮಾಡಿದ! ಮಿಂಚಿದ್ದಕ್ಕೂ ಗುಡುಗಿದ್ದಕ್ಕೂ ನಡುವೆ ನಾನು ಎಣಿಸಿದ್ದು ಐದೇ ಸೆಕೆಂಡ್, ಅಂದ್ರೆ ಎರಡು ಕಿಲೋಮೀಟರೂ ದೂರ ಇಲ್ಲ. ಇಳಿಯುವ ಅಂದ್ರೆ "ಹೆದರ್ಬೇಡಿ, ದಾಟಿ ಹೋಗ್ತದೆ" ಅಂತ ಹೇಳ್ತಾನೆ. ನಾವು ಮೂವರು ಕೋಲು ಟೆಂಟ್ ಎಲ್ಲ ಅಲ್ಲೇ ಬಿಸಾಡಿ, ಒಬ್ಬರಿಂದ ಒಬ್ಬರು ದೂರ ದೂರ ಆಗಿ, ಒಂಟಿ ಮರದ ಹತ್ರ ಹೋಗದೆ, ತಗ್ಗಿನ ಕಾಡಿಗೆ ಇಳಿದೆವು, ಇಳಿದೆವು ಎಂತ, ಒದ್ದೆ ಹುಲ್ಲಲ್ಲಿ ಅರ್ಧ ದಾರಿ ಕುಂಡೆಯಲ್ಲೇ ಜಾರಿದ್ದು.

ಕತ್ತಲೆಗೆ ಕೆಳಗೆ ಫಾರೆಸ್ಟ್ ವಾಚರ್ ಸಿಕ್ಕಿದ್ರು. ಮೊದಲು ಬೈದ್ರು, ಮತ್ತೆ ಕಟ್ಟಂಚಾಯ (ಹಾಲಿಲ್ಲದ ಚಾ) ಕೊಟ್ರು. ಮೇಲೆ ರಾತ್ರಿ ಉಳಿಲಿಕ್ಕೇ ಇಲ್ಲವಂತೆ, ಆನೆ ಓಡಾಡುವ ಜಾಗ. ಮರುದಿನ ಲೀಡರ್ ನಡೆಸ್ತೇನೆ ಅಂದ ಕೊಡಗಿನ ಬದಿ ತಲಕಾವೇರಿ ವನ್ಯಜೀವಿಧಾಮ, ಪರ್ಮಿಶನ್ ಇಲ್ಲದೆ ಕಾಲಿಟ್ರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕೇಸು. ಕೇಸು ಬೀಳುದು ನಡೆದವನ ಮೇಲೂ.

ದುಡ್ಡು ವಾಪಸ್ ಕೇಳಿದ್ದಕ್ಕೆ "ನೀವೇ ಅರ್ಧದಲ್ಲಿ ಬಿಟ್ಟು ಹೋದದ್ದಲ್ವಾ" ಅಂತ ಮೆಸೇಜ್, ಆಮೇಲೆ ಬ್ಲಾಕ್. ನಿನ್ನೆ ಭಾವನ ಫೋನಿಗೆ ಅವನದ್ದೇ ಹೊಸ ಪೋಸ್ಟರ್ ಬಂದಿದೆ, ಬರುವ ಶನಿವಾರಕ್ಕೆ. ಅದ್ರಲ್ಲಿ ಹಲ್ಲು ಕಿರಿದು ನಿಂತ ನೀಲಿ ಚೀಲದವ ನಾನೇ, ಹಿಂದೆ ಕಾಣುವ ಮೋಡ ಅದೇ ಮೋಡ.