ಹಳೆ ಶೆವೆಲ್‌ಗೆ ಎಂಎಸ್‌ಡಿ ಡಿಜಿಟಲ್ 6ಎಎಲ್: ಕೆಲವು ಬೇಸಿಗೆ ಓಡಿಸಿದ ಮೇಲೆ

ಎಂಎಸ್‌ಡಿ ಡಿಜಿಟಲ್ 6ಎಎಲ್ ಅಂದರೆ ಸ್ಪಾರ್ಕ್ ಪ್ಲಗ್‌ಗಳಲ್ಲಿ ಜೋರು ಕಿಡಿ ಬರುವಂತೆ ಮಾಡುವ ಇಗ್ನಿಷನ್ ಡಬ್ಬಿ. ಮೊದಲೇ ಹೇಳಿಬಿಡುತ್ತೇನೆ, ಇದನ್ನು ಹಾಕಿದ ತಕ್ಷಣ ಕಾರು ಹಾರುತ್ತದೆ ಅಂದುಕೊಂಡಿದ್ದರೆ ದುಡ್ಡು ಉಳಿಸಿಕೊಳ್ಳಿ. ಎಲ್ಲಾ ಸಿಲಿಂಡರೂ ಸರಿಯಾಗಿ ಹೊತ್ತಿಕೊಳ್ಳುತ್ತಿರುವ ಇಂಜಿನ್ನಿಗೆ ಇನ್ನೂ ಜೋರು ಕಿಡಿ ಕೊಟ್ಟರೂ ಪವರ್ ಜಾಸ್ತಿ ಆಗಲ್ಲ. ಇದರ ಲಾಭ ಗೊತ್ತಾಗುವುದು ನಿಧಾನಕ್ಕೆ ಓಡಿಸುವಾಗ.

ನನ್ನದು 1970ರ ಶೆವ್ರೊಲೆ ಶೆವೆಲ್. 350 ಕ್ಯೂಬಿಕ್ ಇಂಚಿನ ವಿ8 ಇಂಜಿನ್, ಕಂಪನಿಯದಕ್ಕಿಂತ ದೊಡ್ಡ ಕ್ಯಾಮ್ (ವಾಲ್ವ್‌ಗಳನ್ನು ತೆರೆಯುವ ಶಾಫ್ಟ್), ಮೇಲೆ ನಾಲ್ಕು ಬ್ಯಾರೆಲ್ ಹೋಲಿ ಕಾರ್ಬೊರೇಟರ್. ನಾವಿರುವುದು ಮಿಶಿಗನ್‌ನಲ್ಲಿ, ಹಾಗಾಗಿ ಚಳಿಗಾಲ ಪೂರ್ತಿ ಅದಕ್ಕೆ ಗ್ಯಾರೇಜೇ ಗತಿ. ಇಂಥ ಕ್ಯಾಮ್ ಐಡ್ಲಿಂಗ್‌ನಲ್ಲಿ ಪೆಟ್ರೋಲ್ ಕುಡಿಯುತ್ತದೆ, ಪ್ಲಗ್‌ಗಳಿಗೆ ಮಸಿ ಹಿಡಿಯುತ್ತದೆ, ಆಮೇಲೆ ಮಿಸ್ಸಿಂಗ್ ಶುರು. ಆಗಸ್ಟ್‌ನಲ್ಲಿ ಇಲ್ಲಿ ನಡೆಯುವ ಹಳೆ ಕಾರುಗಳ ಮೆರವಣಿಗೆ, ವುಡ್‌ವರ್ಡ್ ಡ್ರೀಮ್ ಕ್ರೂಸ್‌ಗೆ ಹೋದವರಿಗೆ ಗೊತ್ತಲ್ವಾ, ಗಂಟೆಗಟ್ಟಲೆ ಆಮೆ ವೇಗದಲ್ಲಿ ತೆವಳುವುದು ಅಂದರೆ ಏನು ಅಂತ. ಮೊದಲು ಮಧ್ಯಾಹ್ನದ ಹೊತ್ತಿಗೆ ಪಟಪಟ ಅನ್ನುತ್ತಿದ್ದ ಇಂಜಿನ್ನು ಈಗ ಸಂಜೆ ಮನೆಗೆ ಬರುವವರೆಗೂ ಒಂದೇ ಸಮ ಓಡುತ್ತದೆ. ಬೆಳಿಗ್ಗೆ ಸ್ಟಾರ್ಟ್ ಆಗುವುದೂ ಬೇಗ. ಪ್ಲಗ್ ಬಿಚ್ಚಿ ನೋಡಿದರೆ ಕಪ್ಪು ಮಸಿ ಇಲ್ಲ, ತಿಳಿ ಕಂದು ಬಣ್ಣ.

ಕಾರಣ ಸರಳ. ಪಾಯಿಂಟ್ (ಕರೆಂಟನ್ನು ಕೂಡಿಸಿ ಕಡಿಯುವ ಪುಟ್ಟ ಸ್ವಿಚ್) ಇರುವ ಹಳೆ ಇಗ್ನಿಷನ್‌ನಲ್ಲಿ, ಕಿಡಿಗೆ ಬೇಕಾದಷ್ಟು ವೋಲ್ಟೇಜ್ ಏರಿಸುವ ಕಾಯಿಲ್‌ಗೆ ಸಿಗುವುದು ಬ್ಯಾಟರಿಯ 12 ವೋಲ್ಟ್, ಇಂಜಿನ್ ಓಡುತ್ತಿರುವಾಗ ರೆಸಿಸ್ಟೆನ್ಸ್ ವೈರ್ ದಾಟಿ ಬರುವಷ್ಟರಲ್ಲಿ ಅದೂ ಇಳಿದಿರುತ್ತದೆ. ಈ ಡಬ್ಬಿ 500ಕ್ಕೂ ಜಾಸ್ತಿ ವೋಲ್ಟ್ ಕೂಡಿಟ್ಟುಕೊಂಡು ಒಂದೇ ಏಟಿಗೆ ಕಾಯಿಲ್‌ಗೆ ಬಿಡುತ್ತದೆ. ಜೊತೆಗೆ ಸುಮಾರು 3000 ಆರ್‌ಪಿಎಂವರೆಗೆ ಒಂದೇ ಕಿಡಿ ಕೊಟ್ಟು ಸುಮ್ಮನಾಗಲ್ಲ, ಕ್ರ್ಯಾಂಕ್ 20 ಡಿಗ್ರಿ ತಿರುಗುವಷ್ಟು ಹೊತ್ತು ಮೇಲಿಂದ ಮೇಲೆ ಕಿಡಿ ಹಾರಿಸುತ್ತದೆ. ಮೊದಲನೆಯದಕ್ಕೆ ಹೊತ್ತದ ಪೆಟ್ರೋಲ್ ಎರಡನೆಯದಕ್ಕೋ ಮೂರನೆಯದಕ್ಕೋ ಹೊತ್ತಿಕೊಳ್ಳುತ್ತದೆ.

ಕೂರಿಸುವುದು ಕಷ್ಟವಿಲ್ಲ. ದಪ್ಪ ಕೆಂಪು, ದಪ್ಪ ಕಪ್ಪು ವೈರು ನೇರ ಬ್ಯಾಟರಿಗೆ, ಸಣ್ಣ ಕೆಂಪು ಕೀ ಸ್ವಿಚ್‌ಗೆ, ಬಿಳಿ ಪಾಯಿಂಟ್‌ಗೆ, ಕಿತ್ತಳೆ ಮತ್ತು ಸಣ್ಣ ಕಪ್ಪು ಕಾಯಿಲ್‌ಗೆ. ಕಾಯಿಲ್‌ಗೆ ಈ ಎರಡು ಬಿಟ್ಟು ಬೇರೆ ಏನನ್ನೂ ಸಿಕ್ಕಿಸುವ ಹಾಗಿಲ್ಲ. ಇಂಜಿನ್ ಓಡುವಾಗ ಅದರ ಟರ್ಮಿನಲ್ ಮುಟ್ಟಲೂಬೇಡಿ, ಜೋರಾಗಿ ಹೊಡೆಯುತ್ತದೆ.

ಒಂದು ತಮಾಷೆ ಆಯಿತು. ಕೀ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದೇನೆ, ಇಂಜಿನ್ ಮಾತ್ರ ತನ್ನ ಪಾಡಿಗೆ ಓಡುತ್ತಲೇ ಇದೆ! ವೋಲ್ಟೇಜ್ ರೆಗ್ಯುಲೇಟರ್ ಆಲ್ಟರ್ನೇಟರ್‌ನ ಹೊರಗಿರುವ ಹಳೆ ಜಿಎಂ (ಶೆವ್ರೊಲೆ ಇದೇ ಕಂಪನಿಯದು) ಕಾರುಗಳಲ್ಲಿ ಹೀಗಾಗುತ್ತದೆ. ಚಾರ್ಜಿಂಗ್ ದೀಪದ ವೈರಿನಿಂದ ಹಿಂದಕ್ಕೆ ಬರುವ ಚೂರು ಕರೆಂಟೇ ಸಾಕು, ಡಬ್ಬಿ ಆಫ್ ಆಗಲ್ಲ. ಆ ವೈರಿಗೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಒಂದು ಡಯೋಡ್ ಹಾಕಿದರೆ ಮುಗಿಯಿತು.

ನಾನು ಪಾಯಿಂಟ್ಸ್ ತೆಗೆದಿಲ್ಲ. ಊರಲ್ಲಿ ಅಂಬಾಸಿಡರ್, ಪದ್ಮಿನಿ ಇಟ್ಟುಕೊಂಡಿದ್ದವರಿಗೆ ಪಾಯಿಂಟ್‌ಗೆ ಉಜ್ಜುಕಾಗದ ಹಾಕಿ ಉಜ್ಜುವ ಕೆಲಸ ಚೆನ್ನಾಗಿ ನೆನಪಿರುತ್ತದೆ. ಈಗ ಅದರಲ್ಲಿ ಹರಿಯುವ ಕರೆಂಟು ತೀರಾ ಕಮ್ಮಿ, ಆದ್ದರಿಂದ ಸುಡುವುದೇ ಇಲ್ಲ. ತಿರುಗುವ ಶಾಫ್ಟಿಗೆ ತಾಗಿ ಉಜ್ಜುವ ಅದರ ಭಾಗ ಸವೆಯುತ್ತದೆ ಅಷ್ಟೆ, ಆಗಾಗ ಗ್ರೀಸ್ ಹಚ್ಚಿ ಗ್ಯಾಪ್ ನೋಡಿದರೆ ಸಾಕು. ಹಳೆ ವೈರಿಂಗೂ ಹಾಗೇ ಬಿಟ್ಟಿದ್ದೇನೆ. ದಾರಿಯಲ್ಲಿ ಡಬ್ಬಿ ಏನಾದರೂ ಕೈಕೊಟ್ಟರೆ ಕಾಯಿಲ್‌ನ ವೈರುಗಳನ್ನು ಮೊದಲಿನಂತೆ ಸಿಕ್ಕಿಸಿ ಮನೆ ಸೇರಬಹುದು. ಇಲ್ಲಿಯವರೆಗೆ ಆ ಪರಿಸ್ಥಿತಿ ಬಂದಿಲ್ಲ.

ಬೇಜಾರಾಗಿದ್ದು ಪ್ಲಗ್ ವೈರುಗಳ ವಿಷಯದಲ್ಲಿ. ಅಗ್ಗಕ್ಕೆ ಸಿಕ್ಕಿದ ಒಂದು ಸೆಟ್, ಹೆಸರು ಬೇಡ, ಒಂದೇ ಬೇಸಿಗೆಗೆ ಎಕ್ಸಾಸ್ಟ್ ಹೆಡರ್ (ಇಂಜಿನ್ನಿನಿಂದ ಹೊಗೆ ಹೊರಡುವ ಬಿಸಿ ಕೊಳವೆ) ಪಕ್ಕ ರಬ್ಬರ್ ಬಿರಿಯಿತು. ರಾತ್ರಿ ಬಾನೆಟ್ ಎತ್ತಿ ನೋಡಿದರೆ ಅಲ್ಲಿಂದ ನೀಲಿ ಕಿಡಿ ಹೆಡರ್‌ಗೆ ಹಾರುತ್ತಿತ್ತು. ಇಷ್ಟು ಜೋರು ಕರೆಂಟಿಗೆ ಒಳಗೆ ಸುರುಳಿ ಸುತ್ತಿದ ತಂತಿ ಇರುವ ಒಳ್ಳೆಯ ಸ್ಪೈರಲ್ ಕೋರ್ ವೈರೇ ಬೇಕು. ಪ್ಲಗ್ ಗ್ಯಾಪನ್ನು 0.035ರಿಂದ 0.045 ಇಂಚಿಗೆ ಏರಿಸಿದ್ದೇನೆ, ಇನ್ನೂ ಜಾಸ್ತಿ ಮಾಡುವ ಆಸೆ ಇಲ್ಲ.

ಕೊಳ್ಳುವ ಮುಂಚೆ ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್‌ನ ಮುಚ್ಚಳ ತೆಗೆದು ಶಾಫ್ಟನ್ನು ಕೈಯಲ್ಲಿ ಅಲ್ಲಾಡಿಸಿ ನೋಡಿ. ಲಟಲಟ ಅಂದರೆ ಮೊದಲು ಬುಷ್ ಹಾಕಿಸಿ, ಟೈಮಿಂಗ್ ಸರಿ ಮಾಡಿಸಿ. ಎಷ್ಟೋ ಜನರಿಗೆ ಅಷ್ಟರಲ್ಲೇ ಮಿಸ್ಸಿಂಗ್ ನಿಂತು ಹೋಗುತ್ತದೆ, ಈ ಡಬ್ಬಿ ಬೇಕೇ ಆಗಲ್ಲ.