ಜಾಲರಿ ಮುಚ್ಚಳದ ಮೊಳಕೆ ಜಾಡಿ: ಐದು ವರ್ಷ ಬಳಸಿದ ಮೇಲೆ

ಒಂದು ಲೀಟರಿನ ಅಗಲ ಬಾಯಿಯ ಗಾಜಿನ ಜಾಡಿ, ಅದಕ್ಕೆ ತಿರುಗಿಸಿ ಹಾಕುವ ಸ್ಟೀಲ್ ಜಾಲರಿಯ ಮುಚ್ಚಳ, ಜಾಡಿಯನ್ನು ಬಾಯಿ ಕೆಳಗಾಗಿ ಓರೆಯಾಗಿ ನಿಲ್ಲಿಸಲು ಒಂದು ತಂತಿ ಸ್ಟ್ಯಾಂಡು. ಸೆಟ್ಟಿನಲ್ಲಿ ಇಂಥ ಎರಡು ಜಾಡಿ ಬಂದಿದ್ದವು. ಐದು ವರ್ಷದಿಂದ ವಾರಕ್ಕೆ ಎರಡು ಸಲವಾದರೂ ಇವುಗಳಲ್ಲಿ ಕಾಳು ಮೊಳಕೆ ಬರಿಸುತ್ತಿದ್ದೇನೆ. ಕೊಂಡ ವಾರ ಬರೆದಿದ್ದರೆ ಬರೀ ಹೊಗಳಿಕೆ ಬರೆಯುತ್ತಿದ್ದೆ, ಮೂರು ತಿಂಗಳಿಗೆ ಬರೆದಿದ್ದರೆ ಬರೀ ದೂರು. ಈಗ ಎರಡಕ್ಕೂ ಕಾರಣ ಏನೆಂದು ಗೊತ್ತಾಗಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಇದಕ್ಕೂ ಮೊದಲು ನನ್ನ ಹತ್ತಿರ ಮೂರು ಅಂತಸ್ತಿನ ಪ್ಲಾಸ್ಟಿಕ್ ಡಬ್ಬಿ ಇತ್ತು. ಮೇಲಿನ ತಟ್ಟೆಗೆ ನೀರು ಹೊಯ್ದರೆ ಸಣ್ಣ ತೂತುಗಳಲ್ಲಿ ಇಳಿದು ಕೆಳಗಿನ ಎರಡು ತಟ್ಟೆಗೂ ಸಿಗುತ್ತದೆ ಎನ್ನುವುದು ಅದರ ಲೆಕ್ಕ. ನೋಡಲು ಅಚ್ಚುಕಟ್ಟು. ಆದರೆ ಮೇಲಿನ ಕಾಳು ತೊಳೆದ ನೀರೇ ಕೆಳಗಿನ ಕಾಳಿಗೂ ಹೋಗುತ್ತದೆ. ತೂತುಗಳ ಅಂಚಿನಲ್ಲಿ ನೀರಿನ ತೆಳು ಪದರ ನಿಂತೇ ಇರುತ್ತದೆ. ಎರಡನೇ ದಿನಕ್ಕೆ ಮೇಲಿನ ತಟ್ಟೆಯ ಹೆಸರುಕಾಳು ಗರಿಗರಿಯಾಗಿದ್ದರೆ ಕೆಳಗಿನದು ಲೋಳೆಲೋಳೆ. ಬೇರು ತೂತಿನೊಳಗೆ ಇಳಿದು ಸಿಕ್ಕಿಹಾಕಿಕೊಂಡರೆ ತೆಗೆಯುವಾಗ ತುಂಡಾಗುತ್ತದೆ, ಆ ತುಂಡು ಅಲ್ಲೇ ಕೊಳೆಯುತ್ತದೆ. ಬ್ರಷ್ ಹಾಕಿ ಉಜ್ಜಿದರೂ ಆ ಮುಗ್ಗಲು ವಾಸನೆ ಹೋಗಲಿಲ್ಲ. ಒಂದು ವರ್ಷಕ್ಕೆ ಅದನ್ನು ಬಿಟ್ಟೆ.

ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟುವ ಹಳೆಯ ಪದ್ಧತಿಯ ಬಗ್ಗೆ ನನಗೆ ಇವತ್ತಿಗೂ ಗೌರವವಿದೆ. ದೊಡ್ಡ ಕಾಳಿಗೆ ಅದು ಬಹಳ ಚೆನ್ನಾಗಿ ಒದಗುತ್ತದೆ. ಆದರೆ ಪ್ರತಿ ಸಲ ಬಟ್ಟೆಯನ್ನು ಕುದಿಸಿ ಒಣಗಿಸಬೇಕು. ಒಳಗೆ ಏನಾಗುತ್ತಿದೆ ಎಂದು ನೋಡಲು ಗಂಟು ಬಿಚ್ಚಬೇಕು. ಜಾಡಿಯಲ್ಲಿ ಎಲ್ಲವೂ ಕಣ್ಣಿಗೆ ಕಾಣುತ್ತದೆ. ಇದು ಸಣ್ಣ ಅನುಕೂಲವಲ್ಲ. ಮೊದಲ ದಿನ ಸಂಜೆ ಕಾಳಿನ ಕಣ್ಣಿನ ಪಕ್ಕ ಸಿಪ್ಪೆ ಸೀಳಿ, ಅಲ್ಲೊಂದು ಬಿಳಿ ಚುಕ್ಕೆ ಹೊರಗೆ ಇಣುಕುತ್ತದೆ. ರಾತ್ರಿ ಹೊತ್ತಿಗೆ ಆ ಚುಕ್ಕೆ ಕೊಕ್ಕಿನ ಹಾಗೆ ಬಾಗಿರುತ್ತದೆ. ಐದು ವರ್ಷವಾದರೂ ನಾನು ಇದನ್ನು ನಿಂತು ನೋಡುತ್ತೇನೆ.

ಈ ಜಾಡಿಯ ನಿಜವಾದ ಗುಣ ಇರುವುದು ಬಸಿಯುವುದರಲ್ಲಿ. ಕಾಳಿಗೆ ನೀರು ಬೇಕು ಎಂದು ಎಲ್ಲರಿಗೂ ಗೊತ್ತು. ನೆನೆದು ಎಚ್ಚೆತ್ತ ಕಾಳು ಉಸಿರಾಡುತ್ತದೆ, ಅದಕ್ಕೆ ಗಾಳಿಯೂ ಅಷ್ಟೇ ಬೇಕು ಎನ್ನುವುದು ಮರೆತುಹೋಗುತ್ತದೆ. ಒಳಗಿನ ಪಿಷ್ಟವನ್ನು ಕರಗಿಸಿಕೊಂಡು ಬೆಳೆಯುವಾಗ ಅದು ಆಮ್ಲಜನಕ ಎಳೆದುಕೊಳ್ಳುತ್ತದೆ, ಇಂಗಾಲದ ಡೈಆಕ್ಸೈಡ್ ಬಿಡುತ್ತದೆ, ಜೊತೆಗೆ ಬಿಸಿಯನ್ನೂ ಹೊರಹಾಕುತ್ತದೆ. ಒಂದು ದಿನ ಕಳೆದ ಜಾಡಿಯನ್ನು ಅಂಗೈಯಲ್ಲಿ ಹಿಡಿದು ನೋಡಿ, ರಾಶಿ ದಪ್ಪಗಿರುವ ಕಡೆ ಗಾಜು ಸ್ವಲ್ಪ ಬೆಚ್ಚಗಿರುತ್ತದೆ. ತಳದಲ್ಲಿ ನೀರು ನಿಂತರೆ ಅಲ್ಲಿನ ಕಾಳಿಗೆ ಗಾಳಿ ಸಿಗದೆ ಹುಳಿ ವಾಸನೆ ಶುರುವಾಗುತ್ತದೆ. ಹಾಗಾಗಿ ದಿನಕ್ಕೆ ಎರಡು ಮೂರು ಸಲ ತೊಳೆಯುವುದು ಕಾಳನ್ನು ಒದ್ದೆ ಮಾಡಲು ಮಾತ್ರವಲ್ಲ. ಬಿಸಿ ಇಳಿಸಲು, ಕೊಳೆ ತೆಗೆಯಲು, ಹೊಸ ಗಾಳಿ ಒಳಗೆ ಬಿಡಲು ಕೂಡ.

ಸ್ಟ್ಯಾಂಡಿನ ಓರೆ ಸುಮಾರು 45 ಡಿಗ್ರಿ ಇದೆ, ಅದು ಸರಿಯಾದ ಕೋನ. ನೆಟ್ಟಗೆ ಬೋರಲು ಹಾಕಿದರೆ ಕಾಳೆಲ್ಲ ಜಾಲರಿಯ ಮೇಲೆ ಕೂತು ಗಾಳಿಯ ದಾರಿ ಮುಚ್ಚುತ್ತದೆ. ಓರೆಯಾಗಿಟ್ಟರೆ ಕಾಳು ಗಾಜಿನ ಒಂದು ಬದಿಗೆ ಹರಡಿಕೊಳ್ಳುತ್ತದೆ, ಜಾಲರಿಯ ಮೇಲ್ಭಾಗ ತೆರೆದೇ ಇರುತ್ತದೆ. ಇಡುವ ಮುನ್ನ ಜಾಡಿಯನ್ನು ಒಮ್ಮೆ ಉದ್ದಕ್ಕೆ ಉರುಳಿಸಿದರೆ ಕಾಳು ತೆಳುವಾಗಿ ಹರಡುತ್ತದೆ. ಬಸಿದ ಮೇಲೂ ಜಾಲರಿಯ ಕಣ್ಣುಗಳಲ್ಲಿ ನೀರು ಪೊರೆಯ ಹಾಗೆ ನಿಂತಿರುತ್ತದೆ. ಅಂಗೈಯಿಂದ ಮುಚ್ಚಳದ ಮೇಲೆ ನಾಲ್ಕು ಸಲ ತಟ್ಟಿದರೆ ಪೊರೆ ಒಡೆದು ಉಳಿದ ನೀರೂ ಹನಿಯುತ್ತದೆ. ಈ ತಟ್ಟುವುದನ್ನು ಜೊತೆಗೆ ಬಂದ ಪುಸ್ತಿಕೆಯಲ್ಲಿ ಹೇಳಿಲ್ಲ, ಹೇಳಬೇಕಿತ್ತು.

ಪುಸ್ತಿಕೆಯ ಬಗ್ಗೆ ನನ್ನ ದೊಡ್ಡ ತಕರಾರು ಬೇರೆಯೇ ಇದೆ. ಜಾಡಿಯ ಮೂರನೇ ಒಂದು ಭಾಗದಷ್ಟು ಒಣ ಕಾಳು ಹಾಕಬಹುದು ಎಂದು ಅದರಲ್ಲಿ ಬರೆದಿದೆ. ಅದನ್ನು ನಂಬಿ ಒಂದು ಬೇಸಿಗೆಯಲ್ಲಿ ಅಷ್ಟು ಕಡಲೆಕಾಳು ನೆನೆಹಾಕಿದೆ. ಬೆಳಿಗ್ಗೆ ನೋಡಿದರೆ ಕಾಳು ಉಬ್ಬಿ ಜಾಡಿಯ ಮುಕ್ಕಾಲು ಭಾಗಕ್ಕೆ ಬಂದಿತ್ತು. ಮೊಳಕೆ ಶುರುವಾದ ಮೇಲೆ ಒಂದಕ್ಕೊಂದು ಒತ್ತಿಕೊಂಡು ಗಟ್ಟಿ ದಿಂಡಾಗಿ ನಿಂತುಬಿಟ್ಟಿತು. ನೀರು ಗಾಜಿನ ಅಂಚಿನಲ್ಲಷ್ಟೇ ಹರಿದು ಹೊರಗೆ ಬರುತ್ತಿತ್ತು, ನಡುವಿಗೆ ಹೋಗುತ್ತಲೇ ಇರಲಿಲ್ಲ. ಎರಡನೇ ದಿನ ಚಮಚದಿಂದ ಅಗೆದು ತೆಗೆದಾಗ ನಡುವಿನ ಕಾಳು ಜಾರುತ್ತಿತ್ತು, ಬೆರಳಿಗೆ ಎಳೆಯೆಳೆಯಾಗಿ ಲೋಳೆ ಅಂಟಿತು, ವಾಸನೆ ಅಡುಗೆಮನೆ ತುಂಬಿತು. ಅಷ್ಟನ್ನೂ ಗೊಬ್ಬರಕ್ಕೆ ಹಾಕಿದೆ. ಒಂದು ಲೀಟರಿನ ಜಾಡಿಗೆ 100 ಗ್ರಾಂ ಒಣ ಕಾಳು ಸಾಕು. ಕಡಲೆಕಾಳಾದರೆ 120 ಗ್ರಾಂ ದಾಟಬೇಡಿ. ಹೆಚ್ಚು ಬೇಕಿದ್ದರೆ ಇನ್ನೊಂದು ಜಾಡಿ ಇಡಿ.

ನನ್ನ ದಿನಚರಿ ಹೀಗಿದೆ. ರಾತ್ರಿ ಕಾಳು ಆರಿಸಿ, ಮೂರು ಸಲ ತೊಳೆದು, ಕಾಳಿನ ನಾಲ್ಕು ಪಟ್ಟು ನೀರಿನಲ್ಲಿ ನೆನೆಹಾಕುತ್ತೇನೆ. ಹೆಸರುಕಾಳಿಗೆ 8 ಗಂಟೆ, ಕಡಲೆಕಾಳಿಗೆ 12 ಗಂಟೆ. ನೆನೆದ ನೀರು ಚೆಲ್ಲುತ್ತೇನೆ. ಬೆಳಿಗ್ಗೆ, ಸಂಜೆ, ಮಲಗುವ ಮುನ್ನ ತೊಳೆದು ಬಸಿಯುತ್ತೇನೆ, ಸೆಖೆ ಇದ್ದರೆ ಮಧ್ಯಾಹ್ನ ಇನ್ನೊಂದು ಸಲ. ಬಿಸಿಲು ನೇರವಾಗಿ ಬೀಳದ ಕಡೆ ಇಡುತ್ತೇನೆ, ಬೆಳಕು ಜಾಸ್ತಿಯಾದರೆ ಎಳೆ ಎಲೆ ಹಸಿರಾಗಿ ರುಚಿ ಕಹಿಯ ಕಡೆ ತಿರುಗುತ್ತದೆ. ಬೆಚ್ಚಗಿನ ದಿನಗಳಲ್ಲಿ ಹೆಸರುಕಾಳಿಗೆ ಒಂದೂವರೆ ದಿನಕ್ಕೆ ಒಂದು ಸೆಂಟಿಮೀಟರ್ ಮೊಳಕೆ ಬರುತ್ತದೆ. ಚಳಿಯಲ್ಲಿ ಮೂರು ದಿನ ಹಿಡಿಯುತ್ತದೆ. ಆಗ ಜಾಡಿಯ ಸುತ್ತ ದಪ್ಪ ಟವೆಲ್ ಸುತ್ತಿದರೆ ಸಾಕು, ಬಾಯಿ ಮಾತ್ರ ಮುಚ್ಚಬಾರದು.

ಎಲ್ಲ ಕಾಳಿಗೂ ಈ ಜಾಡಿ ಒಂದೇ ಥರ ಒಗ್ಗುವುದಿಲ್ಲ. ಹೆಸರುಕಾಳು, ಮಡಕೆಕಾಳು, ಇಡಿ ಮಸೂರಕ್ಕೆ ಇದನ್ನು ಮೀರಿಸಿದ್ದು ನಾನು ಕಂಡಿಲ್ಲ. ಹುರುಳಿಯಲ್ಲಿ ಕಲ್ಲುಕಾಳು ಜಾಸ್ತಿ. ಅವುಗಳ ಸಿಪ್ಪೆ ನೀರನ್ನೇ ಒಳಗೆ ಬಿಡುವುದಿಲ್ಲ, ನೆನೆದ ಮೇಲೂ ಚಿಕ್ಕದಾಗಿ ಗಟ್ಟಿಯಾಗಿಯೇ ಉಳಿಯುತ್ತವೆ. ಗಾಜಿನ ಬದಿಯಲ್ಲಿ ಅವು ಸುಲಭವಾಗಿ ಕಾಣುವುದರಿಂದ ಆಗಲೇ ಹೆಕ್ಕಿ ತೆಗೆಯಬಹುದು. ಬಿಟ್ಟರೆ ತಿನ್ನುವಾಗ ಹಲ್ಲಿಗೆ ಸಿಗುತ್ತವೆ. ಮೆಂತ್ಯಕ್ಕೆ ಈ ಜಾಡಿ ಬೇಡ ಎನ್ನುತ್ತೇನೆ. ಮೆಂತ್ಯ ನೆನೆದಾಗ ಬಿಡುವ ಅಂಟು ಜಾಲರಿಯ ಕಣ್ಣು ಮುಚ್ಚಿ ನೀರು ಹೊರಗೇ ಬರುವುದಿಲ್ಲ, ಅದಕ್ಕೆ ಬಟ್ಟೆಯೇ ಸರಿ. ಬೇಳೆ ಮೊಳಕೆ ಬರುವುದಿಲ್ಲ, ಇಡಿ ಕಾಳೇ ಬೇಕು. ಬಿತ್ತನೆಗೆಂದು ಮಾರುವ ಬೀಜವನ್ನು ಯಾವತ್ತೂ ತರಬೇಡಿ, ಅದಕ್ಕೆ ಶಿಲೀಂಧ್ರನಾಶಕ ಬಳಿದಿರುವುದುಂಟು.

ಜಾಡಿಯ ಪೆಟ್ಟಿಗೆಯ ಮೇಲೆ ಅಚ್ಚು ಹಾಕಿದ ಕಾಳುಗಳ ಚಿತ್ರದಲ್ಲಿ ರಾಜ್ಮಾ ಕೂಡ ಇದೆ. ಇದು ತಪ್ಪು. ಇದನ್ನು ಗಟ್ಟಿಯಾಗಿಯೇ ಹೇಳುತ್ತೇನೆ. ಹಸಿ ರಾಜ್ಮಾದಲ್ಲಿ ಫೈಟೊಹೀಮಾಗ್ಲುಟಿನಿನ್ ಎಂಬ ಲೆಕ್ಟಿನ್ ವಿಷಾಂಶ ಬಹಳ ಇದೆ, ನಾಲ್ಕೈದು ಕಾಳು ತಿಂದರೂ ವಾಂತಿ ಭೇದಿ ಆಗಬಹುದು. ಮೊಳಕೆ ಬಂದ ಮಾತ್ರಕ್ಕೆ ಅದು ಹೋಗುವುದಿಲ್ಲ, ಚೆನ್ನಾಗಿ ಕುದಿಸಿ ಬೇಯಿಸಲೇಬೇಕು. ಮೊಳಕೆ ಕಾಳೆಂದರೆ ಹಸಿಯಾಗಿ ತಿನ್ನುವುದು ಎಂದುಕೊಂಡವರು ಆ ಚಿತ್ರ ನೋಡಿ ಮೋಸಹೋಗಬಾರದು.

ಹೊಸಬರು ಒಳ್ಳೆಯ ಮೊಳಕೆಯನ್ನೇ ಬೂಷ್ಟು ಬಂದಿದೆ ಎಂದು ಎಸೆಯುವುದನ್ನು ಕಂಡಿದ್ದೇನೆ, ಮೊದಲ ತಿಂಗಳು ನಾನೂ ಎಸೆದಿದ್ದೇನೆ. ಎರಡನೇ ದಿನ ಮೊಳಕೆಯ ಸುತ್ತ ಬಿಳಿ ನವಿರು ಕಾಣುತ್ತದೆಯಲ್ಲ, ಅದು ಬಹುಪಾಲು ಬೇರುಗೂದಲು. ಪ್ರತಿ ಬೇರಿನ ತುದಿಗಿಂತ ಸ್ವಲ್ಪ ಮೇಲೆ, ಒಂದೇ ಸಮ, ಮಖಮಲ್ಲಿನ ಹಾಗೆ ಇರುತ್ತದೆ. ನೀರು ಹೊಯ್ದ ಕೂಡಲೇ ಬೇರಿಗೆ ಅಂಟಿಕೊಂಡು ಮಾಯವಾಗುತ್ತದೆ. ಬೂಷ್ಟು ಹಾಗಲ್ಲ. ಅದು ಒಂದು ಕಾಳಿನಿಂದ ಇನ್ನೊಂದಕ್ಕೆ ಜೇಡರ ಬಲೆಯ ಹಾಗೆ ಹಬ್ಬುತ್ತದೆ, ಮೊಳೆಯದ ಸತ್ತ ಕಾಳಿನ ಮೇಲೆ ಮೊದಲು ಬರುತ್ತದೆ, ಬಣ್ಣ ಬೂದಿಗೋ ಕಪ್ಪಿಗೋ ಹಸಿರಿಗೋ ತಿರುಗುತ್ತದೆ, ಮೂಗಿಗೆ ತಿಳಿಯುತ್ತದೆ. ಬೂಷ್ಟೇ ಆಗಿದ್ದರೆ ಆರಿಸಿ ಉಳಿಸಿಕೊಳ್ಳಲು ಹೋಗಬೇಡಿ, ಇಡೀ ಜಾಡಿ ಖಾಲಿ ಮಾಡಿ.

ಕಣ್ಣಿಗೆ ಕಾಣುವ ಬೂಷ್ಟಿಗಿಂತ ನನಗೆ ಹೆದರಿಕೆ ಕಾಣದ ಬ್ಯಾಕ್ಟೀರಿಯಾದ್ದು. ಬೆಚ್ಚಗೆ, ತೇವವಾಗಿ, ಎರಡು ಮೂರು ದಿನ ಇಡುವ ಈ ವಾತಾವರಣ ಕಾಳಿಗೆ ಎಷ್ಟು ಹಿತವೋ ಸಾಲ್ಮೊನೆಲ್ಲಾ, ಇ. ಕೋಲಿಯಂಥವಕ್ಕೂ ಅಷ್ಟೇ ಹಿತ. 2011ರಲ್ಲಿ ಜರ್ಮನಿಯಲ್ಲಿ ಇ. ಕೋಲಿ ಸೋಂಕು ಹಬ್ಬಿ 3,500ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು, 50ಕ್ಕೂ ಹೆಚ್ಚು ಜನ ಸತ್ತರು. ತನಿಖೆ ಕೊನೆಗೆ ಹೋಗಿ ನಿಂತದ್ದು ಮೆಂತ್ಯದ ಮೊಳಕೆಯ ಮೇಲೆ. ಸೂಕ್ಷ್ಮಜೀವಿ ಬೀಜದ ಜೊತೆಯಲ್ಲೇ, ಸಿಪ್ಪೆಯ ಬಿರುಕಿನಲ್ಲಿ ಅಡಗಿ ಬರಬಹುದು. ಜಾಡಿ ಎಷ್ಟು ಚೊಕ್ಕವಾಗಿದ್ದರೂ ಅದನ್ನು ತಡೆಯಲಾರದು. ಹಾಗಾಗಿ "ಸಂಪೂರ್ಣ ಸುರಕ್ಷಿತ" ಎಂಬ ಪೆಟ್ಟಿಗೆಯ ಮಾತನ್ನು ನಾನು ಒಪ್ಪುವುದಿಲ್ಲ. ಮಕ್ಕಳು, ಬಸುರಿಯರು, ವಯಸ್ಸಾದವರು, ರೋಗನಿರೋಧಕ ಶಕ್ತಿ ಕುಗ್ಗಿದವರು ಹಸಿ ಮೊಳಕೆ ತಿನ್ನದಿರುವುದೇ ಒಳ್ಳೆಯದು. ನಮ್ಮ ಮನೆಯಲ್ಲಿ ವಯಸ್ಸಾದವರಿದ್ದಾರೆ. ಆದ್ದರಿಂದ ಎಲ್ಲರಿಗೂ ಆವಿಯಲ್ಲಿ ಒಳಗಿನವರೆಗೂ ಬೆಂದ ಮೊಳಕೆಯೇ. ಹಸಿಯದರ ಗರಿಗರಿ ಸ್ವಲ್ಪ ಹೋಗುತ್ತದೆ, ಹೋಗಲಿ.

ಪೆಟ್ಟಿಗೆಯ ಇನ್ನೊಂದು ಮಾತು, ಮೊಳಕೆಯಲ್ಲಿ ಪ್ರೋಟೀನ್ ಹಲವು ಪಟ್ಟು ಹೆಚ್ಚುತ್ತದೆ ಎನ್ನುವುದು. 100 ಗ್ರಾಂ ಒಣ ಹೆಸರುಕಾಳಿನಲ್ಲಿ ಪ್ರೋಟೀನ್ ಸುಮಾರು 24 ಗ್ರಾಂ. ಉದ್ದಕ್ಕೆ ಬೆಳೆದ ಹೆಸರು ಮೊಳಕೆಯ 100 ಗ್ರಾಂನಲ್ಲಿ ಇರುವುದು ಸುಮಾರು 3 ಗ್ರಾಂ, ಏಕೆಂದರೆ ಅದರ ತೂಕದ 90 ಭಾಗ ನೀರು. ಕಾಳಿನಲ್ಲಿದ್ದ ಪ್ರೋಟೀನೇ ನೀರು ಕುಡಿದು ಹರಡಿಕೊಂಡಿರುತ್ತದೆ, ಹೊಸದಾಗಿ ಪಟ್ಟುಗಟ್ಟಲೆ ಹುಟ್ಟುವುದಿಲ್ಲ. ಮೊಳಕೆಯಿಂದ ನಿಜವಾಗಿ ಸಿಗುವುದು ಬೇರೆ. ಒಣ ಕಾಳಿನಲ್ಲಿ ಹೆಚ್ಚೇನೂ ಇಲ್ಲದ ಸಿ ಜೀವಸತ್ವ ಮೊಳಕೆಯಲ್ಲಿ ಹುಟ್ಟಿಕೊಳ್ಳುತ್ತದೆ, ಬೇಯಿಸಿದಾಗ ಅದರಲ್ಲಿ ಒಂದಷ್ಟು ಹೋಗುತ್ತದೆ. ಕಬ್ಬಿಣ, ಸತುವನ್ನು ಹಿಡಿದಿಟ್ಟುಕೊಳ್ಳುವ ಫೈಟಿಕ್ ಆಮ್ಲ ತಗ್ಗುತ್ತದೆ. ಹೊಟ್ಟೆಯಲ್ಲಿ ವಾಯು ಮಾಡುವ ರ್‍ಯಾಫಿನೋಸ್ ಜಾತಿಯ ಸಕ್ಕರೆಗಳು ಕಡಿಮೆಯಾಗುತ್ತವೆ. ಈ ಕೊನೆಯದು ನನ್ನ ಅನುಭವಕ್ಕೂ ಬಂದಿದೆ. ನೆನೆಸಿ ಬೇಯಿಸಿದ ಕಡಲೆಕಾಳು ತಿಂದರೆ ನನಗೆ ಹೊಟ್ಟೆ ಉಬ್ಬರಿಸುತ್ತದೆ, ಮೊಳಕೆ ಬರಿಸಿ ಬೇಯಿಸಿದ್ದರಿಂದ ಅಷ್ಟಾಗುವುದಿಲ್ಲ.

ಇನ್ನು ಬಾಳಿಕೆ. ಗಾಜು ಐದು ವರ್ಷವಾದರೂ ಹೊಸದರಂತಿದೆ, ವಾಸನೆ ಹಿಡಿದಿಲ್ಲ, ಗೀರು ಬಿದ್ದಿಲ್ಲ. ಎರಡರಲ್ಲಿ ಒಂದು ಒಡೆದದ್ದು ನಾನು ತಣ್ಣಗಿದ್ದ ಜಾಡಿಗೆ ಕುದಿಯುವ ನೀರು ಸುರಿದಾಗ, ತಳ ಟಕ್ಕೆಂದು ಸೀಳಿತು. ಈಗ ಮೊದಲು ಬೆಚ್ಚನೆ ನೀರು ಹಾಕಿ, ಆಮೇಲೆ ಬಿಸಿ ನೀರು ಹಾಕುತ್ತೇನೆ. ಜಾಲರಿಯೂ ಗಟ್ಟಿ. ಸೋತದ್ದು ಅದನ್ನು ಹಿಡಿಯುವ ಉಂಗುರ. ಜಾಲರಿ ತುಕ್ಕು ಹಿಡಿಯದ ಸ್ಟೀಲಾದರೆ ಉಂಗುರ ಬರೀ ಬಣ್ಣ ಬಳಿದ ಕಬ್ಬಿಣ. ಹತ್ತನೇ ತಿಂಗಳಿಗೆ ಒಳಗಿನ ಮರೆಯಲ್ಲಿ ಕಂದು ಗೆರೆ ಕಂಡಿತು, ಎರಡನೇ ವರ್ಷಕ್ಕೆ ತೊಳೆದ ನೀರೇ ತುಕ್ಕಿನ ಬಣ್ಣಕ್ಕೆ ಬಂತು. ಉಂಗುರ ಮಾತ್ರ ಕೊಡಿ ಎಂದು ಮಾರಿದವರನ್ನು ಕೇಳಿದರೆ ಬಿಡಿ ಭಾಗ ಮಾರುವುದಿಲ್ಲ, ಸೆಟ್ಟೇ ಕೊಳ್ಳಿ ಎಂದರು. ದಿನವೂ ನೀರಿನಲ್ಲೇ ಇರುವ ವಸ್ತುವಿಗೆ ಕಬ್ಬಿಣದ ಉಂಗುರ ಹಾಕಿ, ಅದು ಹಾಳಾದಾಗ ಕೊಡುವುದಿಲ್ಲ ಎಂದರೆ ಹೇಗೆ? ಕೊನೆಗೆ ಬೇರೆ ಜಾಡಿಯ ಪ್ಲಾಸ್ಟಿಕ್ ಉಂಗುರ ಅಳತೆಗೆ ಸರಿಹೋಯಿತು. ಮೂರು ವರ್ಷದಿಂದ ಅದೇ ನಡೆಯುತ್ತಿದೆ. ಉಂಗುರಕ್ಕಾಗಿಯೇ 5ರಲ್ಲಿ 4 ಅಂಕ ಕೊಡುತ್ತಿದ್ದೇನೆ, ಇಲ್ಲದಿದ್ದರೆ ಪೂರ್ತಿ ಕೊಡುತ್ತಿದ್ದೆ.

ತೊಳೆಯುವಾಗ ಉಂಗುರ, ಜಾಲರಿ, ರಬ್ಬರ್ ಮೂರನ್ನೂ ಬೇರೆ ಮಾಡಲೇಬೇಕು. ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಜಾಲರಿಯ ಅಂಚು ಉಜ್ಜಿದರೆ ಹೆಸರಿನ ಹಸಿರು ಸಿಪ್ಪೆಯ ಚೂರುಗಳು ಎದ್ದು ಬರುತ್ತವೆ. ಮುಗಿದ ಮೊಳಕೆಯನ್ನು ಫ್ರಿಜ್ಜಿಗೆ ಇಡುವ ಮುನ್ನ ಒಣ ಬಟ್ಟೆಯ ಮೇಲೆ ಹರಡಿ ಮೇಲಿನ ತೇವ ಆರಿಸಿ. ಹಾಗಿಟ್ಟರೆ ಮೂರು ನಾಲ್ಕು ದಿನ ಚೆನ್ನಾಗಿರುತ್ತದೆ.

ಕೊಳ್ಳುವವರು ಮೊದಲು ಮುಚ್ಚಳ ಬಿಚ್ಚಿ ನೋಡಿ. ಉಂಗುರಕ್ಕೆ ಅಯಸ್ಕಾಂತ ಗಟ್ಟಿಯಾಗಿ ಕಚ್ಚಿ, ಮೇಲೆ ಬಣ್ಣವೋ ಲೇಪವೋ ಕಂಡರೆ ಅದು ತುಕ್ಕು ಹಿಡಿಯುವುದು ಖಂಡಿತ. ಜಾಲರಿ ಉಂಗುರದಿಂದ ಬೇರೆಯಾಗಿ ಬರಬೇಕು, ಅಂಟಿಸಿದ್ದಿರಬಾರದು. ಜಾಡಿಯ ಬಾಯಿ ನಿಮ್ಮ ಕೈ ಒಳಗೆ ಹೋಗುವಷ್ಟು ಅಗಲವಿರಬೇಕು. ಸ್ಟ್ಯಾಂಡು ಇಲ್ಲದ ಸೆಟ್ಟು ಸಿಕ್ಕರೂ ತೊಂದರೆಯಿಲ್ಲ, ಪಾತ್ರೆ ಒಣಗಿಸುವ ತಂತಿ ಬುಟ್ಟಿಯಲ್ಲಿ ಓರೆಯಾಗಿ ನಿಲ್ಲಿಸಬಹುದು.